ಮೆಟ್ಟಿಲಲ್ಲಿ ಎದುರಾದ ಇಬ್ಬರು ತಾಯಂದಿರು

ಟೈಲರಮ್ಮನ ಮಗಳು ನರ್ಸಿಂಗ್ ತರಗತಿಗೆ ಹೋಗದೆ ನಾಲ್ಕು ದಿನ ಆಗಿತ್ತು. ಅದಕ್ಕೆ ಮೊದಲು ದಿನಾ ಮೇಲ್ಮನೆಯ ಗೆಳತಿಯ ಜೊತೆ ಬಸ್ ಹತ್ತುತ್ತಿದ್ದಳು. "ಇನ್ನು ಅವಳ ಸಹವಾಸ ಬೇಡ" ಎಂದು ತಾಯಿ ಕಡ್ಡಿ ಮುರಿದ ಹಾಗೆ ಹೇಳಿದಳು. ಒಬ್ಬಳನ್ನೇ ಕಳಿಸಲು ಧೈರ್ಯವಿಲ್ಲ. ಓದು ನಿಂತಿತು.

"ಅವಳು ಏನು ತಪ್ಪು ಮಾಡಿದಳು ಅಮ್ಮಿ?"

"ತಲೆ ಮೇಲೆ ಬಟ್ಟೆ ಇಲ್ಲ. ನಕ್ಕರೆ ಮೂರು ಬೀದಿಗೆ ಕೇಳತ್ತೆ. ನಾಳೆ ನೀನೂ ಬುರ್ಖಾ ಬಿಸಾಕ್ತೀಯ. ನಿಮ್ಮ ಅಬ್ಬಾಗೂ ಇಷ್ಟ ಇಲ್ಲ."

ಅಷ್ಟರಲ್ಲಿ ಪಾಠ ಹೇಳುವ ನರ್ಸಮ್ಮನ ಫೋನು ಬಂತು. "ಆಪಾ, ಸೋಮವಾರ ಪರೀಕ್ಷೆ. ನಾಳೆಯೂ ಬರದಿದ್ದರೆ ನಿಮ್ಮ ಮಗಳನ್ನ ಕೂರಿಸೋ ಹಾಗಿಲ್ಲ. ಅವಳ ಗೆಳತಿಯೂ ಬರ್ತಿಲ್ಲ. ಒಬ್ಬರ ತೋಳಿಗೆ ಪಟ್ಟಿ ಸುತ್ತಿ ಇನ್ನೊಬ್ಬರು ಬಿ.ಪಿ. ನೋಡೋದು ಕಲಿತವರು ಅವರು."

"ಆ ಹುಡುಗಿ ಸರಿ ಇಲ್ಲ ಬಿಡಿ."

"ಒಂದು ದಿನವಾದ್ರೂ ಕೂರಿಸಿ ಮಾತಾಡಿಸಿದ್ದೀರಾ?"

ಟೈಲರಮ್ಮ ಫೋನು ಇಟ್ಟಳು. ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿದ್ದಂತೆಯೇ ಮೆಟ್ಟಿಲು ಹತ್ತಿದಳು. ಮೇಲಿಂದ ಗೆಳತಿಯ ತಾಯಿ ಇಳಿಯುತ್ತಿದ್ದಳು.

"ನಿಮ್ಮನೆಗೇ ಬರ್ತಿದ್ದೆ. ನರ್ಸಮ್ಮ ನನಗೂ ಫೋನ್ ಮಾಡಿದ್ರು."

"ನಿಮ್ಮವಳು ಯಾಕೆ ಹೋಗ್ತಿಲ್ಲ?"

"ಬೇಜಾರು ಮಾಡ್ಕೋಬೇಡಿ. ನಿಮ್ಮವಳ ಜೊತೆ ಸೇರಿ ಇವಳೂ ಬುರ್ಖಾ ತೊಟ್ಟು, ಓದು ಬಿಟ್ಟು ಮನೇಲಿ ಕೂರ್ತಾಳೆ ಅಂತ ಹೆದರಿ, ಸ್ನೇಹ ಬೇಡ ಅಂದೆ. ಈಗ ಅವಳಿಲ್ಲದೆ ಹೋಗಲ್ಲ ಅಂತ ಹಠ ಹಿಡಿದಿದ್ದಾಳೆ."

"ಅಯ್ಯೋ, ನಿಮ್ಮವಳು ನನ್ನವಳನ್ನ ಕೆಡಿಸ್ತಾಳೆ ಅಂತ ನಾನು ಬೇಡ ಅಂದಿದ್ದು."

ಇಬ್ಬರೂ ಗೋಡೆಗೆ ಒರಗಿ ನಿಂತರು.

"ಎಷ್ಟು ವರ್ಷದ ಸ್ನೇಹ ಇವರದ್ದು?" ಗೆಳತಿಯ ತಾಯಿ ಕೇಳಿದಳು.

"ಆರು."

"ಆರು ವರ್ಷದಲ್ಲಿ ನಿಮ್ಮವಳು ಬುರ್ಖಾ ಬಿಡಲಿಲ್ಲ, ನನ್ನವಳು ಹಾಕಲಿಲ್ಲ. ಓದು ಬಿಡಿಸಿದ್ದು ಮಾತ್ರ ನಾವು."

"ನನ್ನವಳ ಅಬ್ಬಾಗೆ ನಾನು ಹೇಳ್ತೀನಿ" ಎಂದಳು ಟೈಲರಮ್ಮ. "ನಿಮ್ಮವಳನ್ನ ಕೆಳಗೆ ಕಳಿಸಿ."

ಸಂಜೆ ಮೇಲ್ಮನೆಯ ಹುಡುಗಿ ಬಂದು ಟೈಲರಮ್ಮನ ತೋಳಿಗೇ ಪಟ್ಟಿ ಸುತ್ತಿದಳು. "ಬಿ.ಪಿ. ಸ್ವಲ್ಪ ಜಾಸ್ತಿ ಇದೆ ಆಂಟಿ. ನಾಳೆ ಆಸ್ಪತ್ರೇಲಿ ತೋರಿಸಿ."

"ನಾಲ್ಕು ದಿನದಿಂದ ನಿನ್ನ ಮೇಲೆ ಸಿಟ್ಟು ಹೊತ್ತಿದ್ದೆ. ಇನ್ನೇನಾಗತ್ತೆ?"

ಹುಡುಗಿ ನಕ್ಕಳು. ಮೂರು ಬೀದಿಗೆ ಕೇಳಿತು. ಟೈಲರಮ್ಮ ಕಿಟಕಿ ಮುಚ್ಚಲಿಲ್ಲ.

ಬೆಳಿಗ್ಗೆ ಇಬ್ಬರು ಗೆಳತಿಯರೂ ಒಂದೇ ಬಸ್ ಹತ್ತಿದರು.

ತಂದೆತಾಯಂದಿರೇ, ಮಗಳ ಗೆಳತಿಯನ್ನು ಬಟ್ಟೆ ನೋಡಿ ಅಳೆಯಬೇಡಿ. ಒಳಗೆ ಕರೆಯಿರಿ, ಕೂರಿಸಿ, ಮಾತಾಡಿಸಿ. ಆಮೇಲೂ ತಪ್ಪು ಕಂಡರೆ ಬುದ್ಧಿ ಹೇಳಿ, ಅದು ನಿಮ್ಮ ಹಕ್ಕು. ಮುಖವನ್ನೇ ನೋಡದೆ ಬಾಗಿಲು ದಢಾರನೆ ಮುಚ್ಚಿದರೆ ಸಂದಿಯಲ್ಲಿ ಸಿಕ್ಕಿ ನಜ್ಜಾಗುವುದು ನಿಮ್ಮ ಮಗಳ ಬೆರಳೇ.