ಉಜ್ಜಬಾರದ ಬಟ್ಟಲು

ಸೊಸೆಗೆ ಕೆಲಸ ಕ್ಲೀನಿಂಗ್ ಸಾಮಾನಿನ ಅಂಗಡಿಯಲ್ಲಿ. ನೆಲಕ್ಕೊಂದು ಬಾಟಲಿ, ಗಾಜಿಗೊಂದು, ಒಲೆಯ ಜಿಡ್ಡಿಗೊಂದು. ಲೋಕದ ಒಂದೊಂದು ಕೊಳೆಗೂ ಒಂದೊಂದು ಬಣ್ಣದ ಮದ್ದು ಅಲ್ಲಿನ ಕಪಾಟಿನಲ್ಲಿತ್ತು. ಅತ್ತೆಯೋ, ಆ ಬಾಟಲಿಗಳಲ್ಲಿ ಒಂದನ್ನೂ ಹೊಸ್ತಿಲು ದಾಟಲು ಬಿಟ್ಟವರಲ್ಲ. ಕಿತ್ತಳೆ ಸಿಪ್ಪೆಯನ್ನು ವಿನೆಗರಿನಲ್ಲಿ ನೆನೆಹಾಕಿದ ಗಾಜಿನ ಭರಣಿ, ಒಂದು ಡಬ್ಬಿ ಅಡುಗೆ ಸೋಡಾ, ಹಿಂಡಿಬಿಟ್ಟ ನಿಂಬೆಹೋಳು, ಹಳೇ ಪೇಪರು: ಅವರ ಸೈನ್ಯ ಅಷ್ಟೇ.

"ಹಿತ್ತಲ ಗಿಡ ಮದ್ದಲ್ಲ ಅಂತ ನಿಮ್ಮ ಅಂಗಡಿಗೊಂದು ಬೋರ್ಡು ಹಾಕಿಸಮ್ಮ," ಎಂದು ಅತ್ತೆ ಕೆಣಕುವರು.

"ನಮ್ಮನೆ ಕಿಟಕಿ ನೆಕ್ಕಿದ್ರೆ ಹುಳಿ ಇರುತ್ತೆ ಅತ್ತೆ," ಎಂದು ಸೊಸೆ ತಿರುಗಿಸಿ ಕೊಡುವಳು.

ಬಾಯಲ್ಲಿ ಏನೇ ಅಂದರೂ ಅವಳಿಗೆ ಗೊತ್ತಿತ್ತು, ಆ ಬೀದಿಯಲ್ಲಿ ಅಂಥ ಕಿಟಕಿ ಇನ್ನೊಂದಿರಲಿಲ್ಲ. ತೆರೆದಿದೆಯೆಂದುಕೊಂಡು ಕಾಗದ ಚಾಚಲು ಹೋಗಿ ಅಂಚೆಯವನು ಗಾಜಿಗೆ ಗೆಣ್ಣು ಬಡಿದುಕೊಂಡಿದ್ದ.

ಅಂಥ ಮನೆಯಲ್ಲಿ ಒಂದೇ ಒಂದು ಕಪ್ಪು ವಸ್ತು. ಮೇಲಿನ ಅರೆಯಲ್ಲಿ, ಅಂಗೈಯಗಲದ ಬೆಳ್ಳಿ ಬಟ್ಟಲು, ಕಾವಲಿಯ ತಳದ ಹಾಗೆ ಕರ್ರಗಿತ್ತು. ಅತ್ತೆ ಅದರ ಸುತ್ತ ಧೂಳು ಒರೆಸುವರು, ಅದನ್ನು ಮಾತ್ರ ಮುಟ್ಟರು. ವಯಸ್ಸಾಯಿತು, ಕೈ ಸಾಗದೆ ಬಿಟ್ಟಿರಬೇಕು ಎಂದುಕೊಂಡಳು ಸೊಸೆ. ಒಂದು ಭಾನುವಾರ ಅವರು ಹಣ್ಣು ತರಲು ಹೋದಾಗ ಬಟ್ಟಲನ್ನು ಇಳಿಸಿಕೊಂಡು ಕೂತಳು. ಗುಟ್ಟಾಗಿ ತಂದಿದ್ದ ಅಂಗಡಿಯ ಬೆಳ್ಳಿ ಪಾಲಿಶ್ ಬಟ್ಟೆಗೆ ಹಚ್ಚಿ ಹೊಟ್ಟೆಯ ಭಾಗಕ್ಕೆ ಎರಡು ಸಲ ಉಜ್ಜಿದ್ದಳಷ್ಟೇ, ಬಾಗಿಲು ತೆರೆಯಿತು.

"ಬಿಡು! ಕೈ ತೆಗಿ ಅದರ ಮೇಲಿಂದ!"

ಮದುವೆಯಾದ ನಾಲ್ಕು ವರ್ಷದಲ್ಲಿ ಆ ದನಿಯನ್ನು ಅವಳು ಕೇಳಿರಲಿಲ್ಲ. ಅತ್ತೆಯ ಚೀಲ ಕೆಳಗೆ ಬಿತ್ತು, ಹಣ್ಣುಗಳು ಮೇಜಿನಡಿಗೆ ಉರುಳಿದವು. ಅವರು ಬಟ್ಟಲನ್ನು ಕಿತ್ತುಕೊಂಡು ಎದೆಗೊತ್ತಿಕೊಂಡರು. ಆಮೇಲೆ ಸೊಸೆಯ ತೋರುಬೆರಳು ಹಿಡಿದು ಬಟ್ಟಲಿನ ಅಂಚಿಗೆ ತಾಗಿಸಿದರು. ಒಳಬದಿಯಲ್ಲಿ ಎರಡು, ಹೊರಬದಿಯಲ್ಲಿ ಎರಡು, ಸಣ್ಣ ಸಣ್ಣ ತಗ್ಗುಗಳು ಬೆರಳಿಗೆ ಸಿಕ್ಕವು.

"ನಿನ್ನ ಗಂಡನಿಗಿಂತ ಮೊದಲು ಒಬ್ಬಳಿದ್ಲು. ಹತ್ತು ತಿಂಗಳು. ಇದ್ದಿದ್ದೇ ನಾಲ್ಕು ಹಲ್ಲು. ನೀರು ಕುಡಿಸೋಕೆ ಹೋದ್ರೆ ಬಟ್ಟಲನ್ನೇ ಕಚ್ಚೋಳು. ನಾಳೆ ಫೋಟೋ ತೆಗೆಸೋಣ, ನಾಳೆ ತೆಗೆಸೋಣ ಅಂತ ಒಂದೂ ತೆಗೆಸಲಿಲ್ಲ. ಜ್ವರ ಬಂದು ಹೋಗೇಬಿಟ್ಲು. ಅವಳದ್ದು ಅಂತ ಉಳಿದಿರೋದು ಇವಿಷ್ಟೇ."

ಅವತ್ತೇ ಬಟ್ಟಲನ್ನು ಸುತ್ತಿ ಪೆಟ್ಟಿಗೆಗೆ ಹಾಕಿದ್ದರಂತೆ. ಎಷ್ಟೋ ವರ್ಷದ ಮೇಲೆ ತೆಗೆದಾಗ ಆಗಲೇ ಕಪ್ಪಾಗಿತ್ತು. ತಮ್ಮ ತಾಯಿಯ ಬೆಳ್ಳಿ ಚಮಚದ ಮೇಲಿನ ಹೂವನ್ನು ತಾವೇ ಉಜ್ಜಿ ಉಜ್ಜಿ ಅಳಿಸಿದ್ದು ನೆನಪಿತ್ತು. ಇದೂ ಹಾಗಾದರೆ ಎಂಬ ಹೆದರಿಕೆಯಲ್ಲಿ ಮೂವತ್ತಾರು ವರ್ಷ ಅದಕ್ಕೆ ಬಟ್ಟೆ ಸೋಕಿಸಿರಲಿಲ್ಲ.

"ಬೆರಳಿಗೆ ಸಿಗುತ್ತೆ, ಕಣ್ಣಿಗೆ ಕಾಣಲ್ಲ," ಎಂದರು. "ಒಂದ್ಸಲ ನೋಡ್ಬೇಕು ಅನ್ನಿಸುತ್ತೆ ಕಣೇ."

ಸೊಸೆಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಮರುದಿನ ಅಂಗಡಿಯಲ್ಲಿ ಒಂದೊಂದೇ ಬಾಟಲಿ, ಡಬ್ಬಿ ತಿರುಗಿಸಿ ಓದಿದಳು. ಎಲ್ಲವೂ ಹೇಳಿದ್ದು ಒಂದೇ: ಚೆನ್ನಾಗಿ ಉಜ್ಜಿ. ಕೊನೆಗೆ ಪಕ್ಕದ ಗಡಿಯಾರ ರಿಪೇರಿಯವನ ಹತ್ತಿರ ಹೋದಳು. ಅವನು ಕಣ್ಣಿನ ಭೂತಗನ್ನಡಿಯನ್ನೂ ತೆಗೆಯದೆ ಹೇಳಿದ:

"ಅದು ಕೊಳೆ ಅಲ್ಲಮ್ಮ. ಬೆಳ್ಳಿನೇ ಗಾಳಿಯ ಗಂಧಕದ ಜೊತೆ ಸೇರಿ ಕಪ್ಪಾಗಿರೋದು. ಉಜ್ಜಿದ್ರೆ ಬೆಳ್ಳಿನೂ ಹೋಗುತ್ತೆ. ಪಾತ್ರೆಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಅದರ ಮೇಲೆ ಇಟ್ಟು, ಅಡುಗೆ ಸೋಡಾ ಹಾಕಿ ಕುದಿನೀರು ಹುಯ್ಯಿ. ಗಂಧಕ ಫಾಯಿಲ್ ಕಡೆ ಹೋಗುತ್ತೆ, ಬೆಳ್ಳಿ ಇದ್ದಲ್ಲೇ ಉಳಿಯುತ್ತೆ. ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ?"

ಮೊದಲು ತನ್ನ ಬೆಳ್ಳಿ ಉಂಗುರಕ್ಕೆ ಮಾಡಿ ನೋಡಿದಳು. ಆಮೇಲೆ ಅತ್ತೆಗೆ ಹೇಳಿದಳು. ಮೂರು ದಿನ ಅವರು ಆ ಮಾತೇ ಎತ್ತಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಬಟ್ಟಲನ್ನೂ ಸೋಡಾ ಡಬ್ಬಿಯನ್ನೂ ತಂದು ಅಡುಗೆಮನೆ ಕಟ್ಟೆಯ ಮೇಲಿಟ್ಟರು.

"ಉಜ್ಜಲ್ಲ ತಾನೆ?"

"ಬೆರಳೂ ತಾಗಿಸಲ್ಲ ಅತ್ತೆ."

"ಸೋಡಾ ನಂದೇ ಹಾಕು. ನಿಮ್ಮ ಅಂಗಡೀದು ಬೇಡ."

ಕುದಿನೀರು ಬಿದ್ದದ್ದೇ ಬುಸ್ಸೆಂದು ನೊರೆ ಎದ್ದಿತು. ಕೊಳೆತ ಮೊಟ್ಟೆಯ ವಾಸನೆ ಬಂತು. ಇಬ್ಬರೂ ಮೂಗು ಮುಚ್ಚಿಕೊಂಡು ಪಾತ್ರೆಯ ಮೇಲೆ ಬಗ್ಗಿದರು. ಮೊದಲು ಬುಡದಲ್ಲಿ ಕಪ್ಪು ತೆಳುವಾಯಿತು. ಆಮೇಲೆ ಹಾಲಿನ ಮೇಲಿನ ಕೆನೆ ಸರಿದ ಹಾಗೆ ಸರಿಯತೊಡಗಿತು. ಯಾರೂ ಮುಟ್ಟಿರಲಿಲ್ಲ, ಯಾರೂ ತಿಕ್ಕಿರಲಿಲ್ಲ. ಮೂವತ್ತಾರು ವರ್ಷದ ಕಪ್ಪು ತಾನಾಗಿಯೇ ಬಿಟ್ಟುಹೋಗುತ್ತಿತ್ತು. ದಿನವಿಡೀ ಕೊಳೆ ತೆಗೆಯುವ ಮದ್ದು ಮಾರುವ ಸೊಸೆಗೆ ಮೈ ಜುಮ್ಮೆಂದಿತು. ಇಷ್ಟು ದೊಡ್ಡ ಕೆಲಸ ಇಷ್ಟು ಸದ್ದಿಲ್ಲದೆ ಆಗಬಹುದೆಂದು ಅವಳು ಎಣಿಸಿರಲೇ ಇಲ್ಲ. ಪಕ್ಕದಲ್ಲಿ ನೋಡಿದರೆ ಅತ್ತೆ, ತಮಗೇ ಗೊತ್ತಿಲ್ಲದೆ, ಒಂದು ಪಾತ್ರೆಗೆ ಕೈ ಮುಗಿದು ನಿಂತಿದ್ದರು.

ಮೂರು ಸಲ ನೀರು ಬದಲಾಯಿಸಿದ ಮೇಲೆ ಮರದ ಸೌಟಿನಲ್ಲಿ ಎತ್ತಿ, ಒರೆಸದೆ, ಗಾಳಿಗೆ ಆರಲು ಬಿಟ್ಟರು. ಅತ್ತೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಒಂದು. ಎರಡು. ಮೂರು. ನಾಲ್ಕು."

ಅವರ ಉಗುರು ಅಲ್ಲಿಗೆ ನಿಲ್ಲಲಿಲ್ಲ. ಹೊರಬದಿಯ ಎರಡರ ಪಕ್ಕದಲ್ಲಿ, ಬೆರಳಿಗೆ ಸಿಗದಷ್ಟು ತೆಳುವಾಗಿ, ಅಕ್ಕಿಕಾಳಿನ ಮೂತಿಯಷ್ಟು ಇನ್ನೊಂದು ಗುರುತಿತ್ತು. ಸೊಸೆ ಹತ್ತಿರ ಬಗ್ಗಿ ನೋಡಿದಳು.

"ಅತ್ತೆ, ಅವತ್ತು ನಾನೇ ಎಲ್ಲಾದ್ರೂ ಗೀರಿಬಿಟ್ಟೆನಾ?"

ಅತ್ತೆ ತಲೆ ಅಲ್ಲಾಡಿಸಿದರು.

"ಕೊನೇ ವಾರ ಜೊಲ್ಲು ಸುರೀತಾನೇ ಇತ್ತು. ಜ್ವರಕ್ಕೆ ಅಂದ್ಕೊಂಡ್ವಿ. ಬಾಯೊಳಗೆ ಬೆರಳು ಹಾಕಿ ನೋಡೋಕೆ ಬಿಡಲೇ ಇಲ್ಲ ಅವಳು."

ಅಷ್ಟರಲ್ಲಿ ಅತ್ತೆಯ ಮಗ ಒಳಗೆ ಬಂದ. ಒಬ್ಬಳು ಅಳುತ್ತಿದ್ದಾಳೆ, ಒಬ್ಬರು ಅಳುತ್ತ ನಗುತ್ತಿದ್ದಾರೆ, ಮನೆಯೆಲ್ಲ ಮೊಟ್ಟೆ ವಾಸನೆ. ಅವನು ಬಾಗಿಲಲ್ಲೇ ನಿಂತುಬಿಟ್ಟ.

"ಬಾರೋ, ಬೇಗ ಬಾ," ಎಂದು ಅತ್ತೆ ಬಟ್ಟಲನ್ನು ಅವನತ್ತ ಚಾಚಿದರು. "ನಿಮ್ಮಕ್ಕನಿಗೆ ಐದನೇ ಹಲ್ಲು ಬಂತು ಕಣೋ."