ಸಿಂಹವಿಲ್ಲದ ನಯಾಪೈಸೆ

ಹಿತ್ತಾಳೆ ತಟ್ಟೆಯ ಮೇಲೆ ನಯಾಪೈಸೆ ಟಿಣ್ ಎಂದಿತು. ಒಳಗೆ ಮಲಗಿದ್ದ ಗಂಡ ಏಳಲಿಲ್ಲವೆಂದು ಖಾತ್ರಿ ಮಾಡಿಕೊಂಡು ವಿಮಲಾ ಅದನ್ನು ದೀಪಕ್ಕೆ ಹಿಡಿದಳು. ರಾಯಪುರಂನ ಆ ಹೋಟೆಲಿನ ಮಹಡಿಯಲ್ಲೇ ಮ್ಯಾನೇಜರ ಸಂಸಾರ. ಕೆಳಗೆ ರಾತ್ರಿಯಿಡೀ ಹಿಟ್ಟು ರುಬ್ಬುವ ಚಂದ್ರಮತಿ, ಕೆಲಸಕ್ಕೆ ಕೂರುವ ಮೊದಲು ಮೇಲೆ ಬಂದಿದ್ದಳು.

"ನೋಡಿ ಅಮ್ಮ, ಒಂದು ಬದಿಯಲ್ಲಿ ಸಿಂಹವೇ ಇಲ್ಲ. ಟಂಕಸಾಲೆಯವರು ಅಚ್ಚು ಒತ್ಲಿಕ್ಕೆ ಮರ್ತದ್ದಾದ್ರೆ ಸೌಕಾರ್‌ಪೇಟೆಯ ಸೇಟು ಇನ್ನೂರು ರೂಪಾಯಿ ಕೊಡ್ತಾನಂತೆ. ಹೋಗ್ಲಾ? ಒಂದು ದಿನದ ಸಂಬಳ ಹೋಗ್ತದೆ."

"ಇನ್ನೂರು ಬಂದ್ರೆ ಎಂತ ಮಾಡ್ತಿ?"

"ಮಗಳು ಸರಸನ್ನ ಟೀಚರ್ ಟ್ರೈನಿಂಗಿಗೆ ಹಾಕುದು. ಇಲ್ಲದಿದ್ರೆ ಬರುವ ತಿಂಗಳಿಂದ ಅವಳೂ ನನ್ನೊಟ್ಟಿಗೆ ರುಬ್ಲಿಕ್ಕೆ."

ವಿಮಲಾಳ ತಂದೆ ನಾಣ್ಯ ಕೂಡಿಡುತ್ತಿದ್ದವರು. ಅವರು ಕಲಿಸಿದಂತೆ ಅವಳು ಬೋಳು ಬದಿಯ ಮೇಲೆ ಕಾಗದವಿಟ್ಟು ಪೆನ್ಸಿಲು ಉಜ್ಜಿದಳು. ಆದರೆ ಹಿಂದಿನ ತಿಂಗಳಷ್ಟೇ, ರುಬ್ಬುವ ಹೆಂಗಸರ ಸೊಂಟದ ಗಂಟಿನಿಂದ ರುಬ್ಬುಕಲ್ಲಿಗೆ ಜಾರಿದ ಎರಡು ಪೈಸೆ ಮುಖ ಸವೆದು ಹಿಟ್ಟಿನೊಡನೆ ಹೊರಬಂದಿದ್ದವು. ಅವನ್ನೂ ಇದೇ ಆಸೆಯಿಂದ ಅವಳ ಬಳಿಗೆ ತಂದಿದ್ದರು. ನಿದ್ದೆಗೆಟ್ಟು ಕಣ್ಣು ಉರಿಯುತ್ತಿತ್ತು. ಉಜ್ಜಿದ್ದನ್ನು ಸರಿಯಾಗಿ ನೋಡದೆಯೇ ಕಾಗದವನ್ನು ಮಡಚಿ ಪುಸ್ತಕದೊಳಗಿಟ್ಟಳು.

"ಇದೂ ಕಲ್ಲಲ್ಲಿ ಸವೆದದ್ದೇ, ಚಂದ್ರಮತಿ. ಸುಮ್ನೆ ಸಂಬಳ ಕಳ್ಕೊಳ್ಬೇಡ."

"ನಾನೂ ಹಾಗೇ ಎಣಿಸಿದ್ದೆ. ದೇವರು ನಮ್ಮ ಹಣೆಗೇ ಸರಿಯಾಗಿ ಅಚ್ಚು ಒತ್ಲಿಲ್ಲ, ಪೈಸೆದೆಂತ!" ನಕ್ಕು ಇಳಿದುಹೋದಳು.

ಮುಂದಿನ ತಿಂಗಳ ಮೊದಲ ದಿನ ರಾತ್ರಿ, ಸಾಮಾನಿನ ಪಟ್ಟಿ ಬರೆಯಲು ಕಾಗದ ಹುಡುಕುವಾಗ ಪುಸ್ತಕದೊಳಗಿನ ಆ ಮಡಚಿದ ಹಾಳೆ ಕೈಗೆ ಬಂತು. ಪೆನ್ಸಿಲಿನ ಕಪ್ಪಿನಲ್ಲಿ ಪೈಸೆಯ ಅಂಚು ಸುತ್ತಲೂ ಚೂಪಾಗಿ, ಎಲ್ಲೂ ಕಡಿಯದೆ ಎದ್ದು ನಿಂತಿತ್ತು. ವಿಮಲಾ ಅದನ್ನು ದೀಪದ ಹತ್ತಿರಕ್ಕೆ ತಂದಳು. ಕಲ್ಲು ಮೊದಲು ತಿನ್ನುವುದು ಅಂಚನ್ನೇ. ಕಲ್ಲಿನಿಂದ ಬಂದ ಆ ಎರಡು ಪೈಸೆಗಳಿಗೆ ಅಂಚೇ ಉಳಿದಿರಲಿಲ್ಲ; ಇದಕ್ಕೆ ಟಂಕಸಾಲೆಯಲ್ಲೇ ಅಚ್ಚು ಬಿದ್ದಿರಲಿಲ್ಲ.

ಕೆಳಗೆ ಓಡಿದಳು. "ಆ ಪೈಸೆ ಎಲ್ಲುಂಟು?"

"ಅದಾ? ಆವತ್ತೇ ಚಿಲ್ಲರೆ ನಡುವೆ ತುರುಕಿ ಬಸ್ಸಿನವನಿಗೆ ಕೊಟ್ಟೆ. ನೋಡದೆ ಚೀಲಕ್ಕೆ ಹಾಕಿದ, ಪೆದ್ದ! ಎಂತಕ್ಕಮ್ಮ?"

"ಏನಿಲ್ಲ."

ಚಂದ್ರಮತಿಯ ಎದುರಿಗೆ ಸರಸ ಎರಡು ಜಡೆಗಳನ್ನೂ ತಲೆಗೆ ಸುತ್ತಿಕೊಂಡು ಗುಂಡುಕಲ್ಲು ತಿರುಗಿಸುತ್ತಿದ್ದಳು. ಅರ್ಧ ಸುತ್ತಿಗೊಮ್ಮೆ ಅದು ನಿಲ್ಲುತ್ತಿತ್ತು.

"ಮೈಯಿಂದ ತಳ್ಳು ಮಾರಾಯ್ತಿ, ಕೈಯಿಂದ ಅಲ್ಲ," ಎಂದಳು ತಾಯಿ.

ವಿಮಲಾ ಮೆಟ್ಟಿಲ ಬಳಿ ನಿಂತು ನೋಡಿದಳು. ಗಂಡನಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದುಕೊಂಡಳು. ಸರಸ ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡು ಮತ್ತೆ ಕಲ್ಲು ಹಿಡಿದಳು.