ಪೈಪು ತಟ್ಟಿ ನೋಡಿದವನು

ಪುರಸಭೆ ಚುನಾವಣೆಗೆ ಇನ್ನು ಇಪ್ಪತ್ತು ದಿನ ಇದೆ ಎನ್ನುವಾಗ ಬಂಗಾರಪೇಟೆಯ ರೈಲುಗೇಟಿನಾಚೆ, ಗಂಗಮ್ಮನ ಗುಡಿ ಬೀದಿಗೆ ಎರಡು ಎತ್ತಿನ ಗಾಡಿ ತುಂಬ ಕಬ್ಬಿಣದ ಪೈಪು ಬಂತು. ಹೆಂಗಸರು ಕೈಯಲ್ಲಿದ್ದ ಮೊರ ಕೆಳಗಿಟ್ಟು ಬಾಗಿಲಿಗೆ ಬಂದು ನಿಂತರು. ಆ ಬೀದಿಯ ನಲವತ್ತು ಮನೆಗೆ ಇದ್ದದ್ದು ಒಂದೇ ಸೇದುಬಾವಿ. ಯುಗಾದಿ ಕಳೆದರೆ ಅದರಲ್ಲಿ ಕೊಡ ಮುಳುಗುವಷ್ಟು ನೀರಿರುತ್ತಿರಲಿಲ್ಲ. ಹಳಿಯ ಆ ಕಡೆ, ಪೇಟೆಯಲ್ಲಿ, ಮುನ್ಸಿಪಾಲಿಟಿಯ ನೀರಿನ ತೊಟ್ಟಿ ಇತ್ತು, ನಾಲ್ಕು ಬೀದಿಗೆ ನಲ್ಲಿಯೂ ಇತ್ತು. ಈ ಕಡೆಗೆ ಬಂದದ್ದು ರೈಲಿನ ಹೊಗೆ ಮಾತ್ರ.

ಪೈಪು ಕಳಿಸಿದವನು ವೆಂಕಟೇಶಪ್ಪ. ಹುಣಿಸೆಹಣ್ಣಿನ ಮಂಡಿ ಇಟ್ಟಿದ್ದ ಅವನು ಮೊದಲ ಸಲ ಚುನಾವಣೆಗೆ ನಿಂತಿದ್ದ, ತಕ್ಕಡಿ ಗುರುತಿನಲ್ಲಿ. "ಗೆಲ್ಸಿ, ಆಮೇಲೆ ನೀರು ತತ್ತೀನಿ ಅನ್ನೋರು ಬೇರೆ. ನಾನು ಪೈಪು ಇಳಿಸಿಬುಟ್ಟು ಓಟು ಕೇಳೋನು" ಎಂದು ಗುಡಿಯ ಮುಂದೆ ನಿಂತು ಹೇಳಿದ್ದ. ನಾಲ್ಕೇ ದಿನದಲ್ಲಿ ಕೂಲಿಯವರು ಬೀದಿಯುದ್ದಕ್ಕೂ ಗೇಣು ಆಳ ತೋಡಿ ಪೈಪು ಹೂತರು. ಗುಡಿಯ ಪಕ್ಕ ಕಲ್ಲಿನ ಕಟ್ಟೆ ಕಟ್ಟಿ ಹಿತ್ತಾಳೆಯ ನಲ್ಲಿ ಕೂರಿಸಿದರು. ಯಾರೋ ಪುಣ್ಯಾತ್ಮರು ನಲ್ಲಿಗೆ ಅರಿಶಿನದ ದಾರ ಕಟ್ಟಿ ಕುಂಕುಮವಿಟ್ಟರು.

ಜನ ನಲ್ಲಿ ನೋಡಿದರು, ತಿರುಗಿಸಿ ನೋಡಿದರು, ಆಮೇಲೆ ಕೋದಂಡಪ್ಪನ ಜಗಲಿಗೆ ಬಂದರು.

"ನೀರು ಬತ್ತದಾ ಅಣ್ಣ?"

"ನೋಡ್ಬೇಕು" ಎಂದ ಕೋದಂಡಪ್ಪ.

ಬೇರೆ ಯಾರನ್ನು ಕೇಳಿಯಾರು? ಕೋದಂಡಪ್ಪ ಚಾಂಪಿಯನ್ ರೀಫ್ಸಿನ ಚಿನ್ನದ ಗಣಿಯಲ್ಲಿ ಮೂವತ್ತು ವರ್ಷ ಭೂಮಿಯೊಳಗೆ ಪೈಪು ಜೋಡಿಸಿದವನು. ಗಾಳಿಯ ಪೈಪು, ನೀರಿನ ಪೈಪು, ಕತ್ತಲಲ್ಲಿ ಕೈಯಿಂದ ಸವರಿ ಯಾವುದು ಯಾವುದೆಂದು ಹೇಳುತ್ತಿದ್ದ. ಅವನಿಗೆ ಕೆಲಸ ಕಲಿಸಿದ ಪೆರುಮಾಳ್ ಮೇಸ್ತ್ರಿ, ಸ್ಪ್ಯಾನರಿನಿಂದ ಪೈಪು ತಟ್ಟಿ, "ಕಾದು ಕುಡುತ್ತು ಕೇಳ್ಡಾ" ಎನ್ನುತ್ತಿದ್ದರು, ಕಿವಿಗೊಟ್ಟು ಕೇಳೋ ಎಂದು. ನೀರು ತುಂಬಿದ ಪೈಪು ಮಂಕಾಗಿ ಡಬ್ ಎನ್ನುತ್ತದೆ. ಖಾಲಿ ಪೈಪು ಗಂಟೆಯ ಹಾಗೆ ಗಣ್ ಎನ್ನುತ್ತದೆ. "ಮಡಕೆ ಕೊಳ್ಳೋರ್ದು ಒಂದು ಲೆಕ್ಕ, ನಮ್ದು ತಿರುವುಮುರುವು" ಎಂದು ಕೋದಂಡಪ್ಪ ಹೆಂಡತಿಗೆ ಹೇಳಿ ನಗುತ್ತಿದ್ದ.

ಗಣಿಯ ಲೈನುಮನೆ ಕೆಲಸ ಇರುವ ತನಕ. ಕೆಲಸ ಮುಗಿದ ತಿಂಗಳಿಗೆ ಬಿಟ್ಟು ಏಳಬೇಕಾಯಿತು. ಊರಿನ ಮನೆಯಲ್ಲಿ ಅಣ್ಣತಮ್ಮಂದಿರ ಮಕ್ಕಳು ತುಂಬಿಕೊಂಡಿದ್ದರು. ಅಲೆದೂ ಅಲೆದೂ ಸಿಕ್ಕಿದ್ದು ಈ ಬೀದಿಯ ಒಂದೂವರೆ ಅಂಕಣದ ಬಾಡಿಗೆ ಮನೆ. ಹಿಂದಿನ ಗೋಡೆ ಮಳೆಗೆ ಕುಸಿದು ಆಳುದ್ದದ ಸಂದು ಬಿದ್ದಿತ್ತು. ಅದರೊಳಗಿಂದ ನುಸುಳಿದರೆ ನೇರ ಹೊಲದ ದಾರಿ. ಮನೆಯ ಒಡೆಯ ಇದೇ ವೆಂಕಟೇಶಪ್ಪ.

"ನೀನೇನು ಅದನ್ನ ಕೆದಕಾಕೆ ಓಗ್ಬೇಡ" ಎಂದಳು ಹೆಂಡತಿ ಆದಿಲಕ್ಷ್ಮಮ್ಮ, ಬಿಂದಿಗೆ ಇಳಿಸಿ ಸೊಂಟ ಹಿಡಿದು ಕುಳಿತು. "ಸಾವ್ಕಾರ್ರ ಎಂಡ್ತಿ ಬಂದು ಗುಡೀಲಿ ನಮಗೆಲ್ಲ ಕುಂಕುಮ ಕೊಟ್ಟವ್ಳೆ. ಓಟು ಆಕ್ತೀವಿ ಅಂತ ಗಂಗಮ್ಮನ ಮುಂದೆ ಮಾತು ಕೊಟ್ಟಿದೀವಿ."

"ಯಾರ್ಗೆ ಕೊಟ್ರಿ ಮಾತು? ಅವ್ಳಿಗಾ, ಗಂಗಮ್ಮನಿಗಾ?"

"ನೀರಿಗೆ" ಎಂದಳು. "ಈ ಸೊಂಟ ಇನ್ನೊಂದು ಬ್ಯಾಸಗೆ ತಡೀತದಾ ನೋಡ್ಕೋ."

ಮರುದಿನ ಬೆಳ್ಳಂಬೆಳಗ್ಗೆ ಕೋದಂಡಪ್ಪ ದೇವರ ಗೂಡಿನಲ್ಲಿಟ್ಟಿದ್ದ ಸ್ಪ್ಯಾನರು ತೆಗೆದುಕೊಂಡ. ನಲ್ಲಿಯಿಂದ ಹೊರಟು ಪೈಪಿನ ಜೊತೆಯೇ ನಡೆದ. ಮಣ್ಣು ಸರಿದ ಕಡೆ ಕುಕ್ಕರುಗಾಲಲ್ಲಿ ಕುಳಿತು ತಟ್ಟಿದ. ಗಣ್ ಎಂದಿತು. ಅದಕ್ಕೆ ಅವನು ಬೇಸರಿಸಲಿಲ್ಲ. ನೀರು ಬಿಡುವ ಮುಂಚೆ ಯಾವ ಪೈಪಾದರೂ ಹೀಗೇ ಅನ್ನುತ್ತದೆ. ಜೋಡಣೆಗಳನ್ನು ಬೆರಳಾಡಿಸಿ ನೋಡಿದ. ಪೈಪು ಹೊಸದು, ಜೋಡಣೆ ಬಿಗಿ. ಒಂದು ಗಳಿಗೆ ಅವನಿಗೂ ಆಸೆ ಹುಟ್ಟಿತು. ಬೀದಿ ಮುಗಿದು ಜಾಲಿ ಗಿಡಗಳು ಬಂದವು, ಜಾಲಿ ಮುಗಿದು ರೈಲು ಹಳಿಯ ಏರಿ ಬಂತು. ಏರಿಯ ಬುಡದಲ್ಲಿ ಹಸಿ ಮಣ್ಣಿನ ಗುಡ್ಡೆ ಇತ್ತು. ಕೈಯಿಂದ ಕೆದರಿದ. ಪೈಪು ಅಲ್ಲಿಗೇ ನಿಂತಿತ್ತು. ಅದರ ಬಾಯಿಗೆ ಹಳೇ ಬಟ್ಟೆ ಸುತ್ತಿದ ಮರದ ಬಿರಡೆ ಜಡಿದಿದ್ದರು.

ಆದರೂ ಅವಸರಕ್ಕೆ ತೀರ್ಮಾನ ಮಾಡುವವನಲ್ಲ ಅವನು. ಗೇಟು ದಾಟಿ ಆ ಕಡೆಯ ಏರಿಯನ್ನೂ ನೋಡಿಬಂದ. ಅಗೆದ ಗುರುತಿಲ್ಲ, ಗರಿಕೆ ನೆಟ್ಟಗೆ ನಿಂತಿತ್ತು. ಗೇಟಿನವನು ಬೀಡಿ ಹಚ್ಚುತ್ತ ಕೂತಿದ್ದ.

"ಹಳಿ ಕೆಳಗೆ ಪೈಪು ಹಾಕಾಕೆ ಯಾರಾದ್ರೂ ಬಂದಿದ್ರಾ?"

"ಹಳಿ ಕೆಳಗಾ? ಅದಕ್ಕೆ ಮದ್ರಾಸಿನ ರೈಲ್ವೆ ಆಫೀಸಿಂದ ಅಪ್ಪಣೆ ಬರ್ಬೇಕಲ್ಲಪ್ಪ. ಕೇಳಿದ್ರೆ ತಾನೆ ಬರೋದು. ಯಾರೂ ಕೇಳಿಲ್ಲ."

ಕೋದಂಡಪ್ಪ ತಿರುಗಿ ಬಂದು ಬಿರಡೆಯ ಮುಂದೆ ಸುಮಾರು ಹೊತ್ತು ಕುಳಿತ. ಜಾಲಿಯ ಮರೆಯಲ್ಲಿ ಯಾರೋ ಹೆಂಗಸು ಸಗಣಿ ಬುಟ್ಟಿ ಹೊತ್ತು ಹೋದ ಹಾಗಾಯಿತು. ಅವನು ಮಣ್ಣನ್ನು ಮೊದಲಿದ್ದ ಹಾಗೇ ಮುಚ್ಚಿದ.

ಅಲ್ಲಿಂದ ನೇರ ಮಂಡಿಗೆ ಹೋದ. ವೆಂಕಟೇಶಪ್ಪ ಹುಣಿಸೆಯ ರಾಶಿಯ ಪಕ್ಕ ಕಾಫಿ ಕುಡಿಯುತ್ತಿದ್ದ. ಇನ್ನೊಂದು ಲೋಟ ತರಿಸಿದ.

"ಪೈಪು ಹಳಿ ಹತ್ರಾನೇ ನಿಂತೈತಲ್ಲ ಸಾವ್ಕಾರ್ರೆ."

"ನೋಡ್ಬಂದ್ಯಾ? ನೋಡೇ ನೋಡ್ತೀಯ ಅಂತ ಗೊತ್ತಿತ್ತು." ವೆಂಕಟೇಶಪ್ಪನಿಗೆ ಕೋಪ ಬರಲಿಲ್ಲ. "ನೀನೇ ಯೇಳು ಕೋದಂಡಪ್ಪ. ಮಂಡಿ ವೆಂಕಟೇಶಪ್ಪ ಅರ್ಜಿ ಬರೆದ್ರೆ ರೈಲ್ವೆಯೋರು ಓದ್ತಾರಾ? ಮೆಂಬರು ವೆಂಕಟೇಶಪ್ಪ ಬರೆದ್ರೆ ಓದ್ತಾರೆ. ಮೊದ್ಲು ಗೆಲ್ಬೇಕು."

"ಹಂಗಂತ ಜನಕ್ಕೆ ಯೇಳಿ ಮತ್ತೆ."

"ಜನಕ್ಕೆ ಅಷ್ಟುದ್ದದ ಮಾತು ಯಾಕೆ?" ಎಂದು ಅವನು ಲೋಟ ಕೆಳಗಿಟ್ಟ. "ಅದಿರ್ಲಿ, ಮನೆ ಇಂದ್ಗಡೆ ಗೋಡೆ ಬಿದ್ದೈತಂತೆ. ಎಲೆಕ್ಷನ್ ಮುಗೀಲಿ, ಕಟ್ಟಿಸ್ಕೊಡ್ತೀನಿ. ನಮ್ಮ ಷಡ್ಡಕ ಆ ಮನೆ ನನಗೆ ಕೊಡು ಅಂತ ಪ್ರಾಣ ತಿಂತಾವ್ನೆ. ಕೋದಂಡಪ್ಪ ನಮ್ಮೋನು, ಅವನಿರೋ ಗಂಟ ಆಗಲ್ಲ ಅಂತ ಯೇಳಿದೀನಿ." ಎದ್ದು ಬಂದು ಹೆಗಲ ಮೇಲೆ ಕೈಯಿಟ್ಟ. "ಭಾನುವಾರ ಗುಡಿ ಮುಂದೆ ಸಭೆ. ನೀನು ಬಂದು ಪೈಪು ಒಂದ್ಸಲ ತಟ್ಟಿ ಚೆನ್ನಾಗೈತೆ ಅನ್ನು. ಸುಳ್ಳು ಯೇಳು ಅಂತಿಲ್ಲ. ಪೈಪು ಚೆನ್ನಾಗಿಲ್ವಾ?"

"ಚೆನ್ನಾಗೈತೆ" ಎಂದ ಕೋದಂಡಪ್ಪ.

ಮೂರು ದಿನ ಅವನಿಗೆ ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡ ಹಾಗಿತ್ತು. ಶನಿವಾರ ಉಣ್ಣುವಾಗ ಹೆಂಡತಿಗೆ ಎಲ್ಲ ಹೇಳಿಬಿಟ್ಟ. ಆದಿಲಕ್ಷ್ಮಮ್ಮ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿ ಕೇಳಿದಳು.

"ಯೇಳಿಬುಟ್ರೆ ಏನಾಗ್ತದೆ?" ಎಂದು ಕೋದಂಡಪ್ಪ ಕೇಳಿದ, ತನಗೆ ಗೊತ್ತಿದ್ದದ್ದನ್ನೇ.

"ಚಾಂಪಿಯನ್ ರೀಫ್ ಮನೆ ಬುಟ್ಟಾಗ ಒಲೆಗುಂಡು ಕೂಡ ಬುಡದಂಗೆ ತಂದೆ ನಾನು. ಮೂರು ಕಲ್ಲು. ಮಡಿಲಲ್ಲಿ ಇಟ್ಕಂಡು ರೈಲಲ್ಲಿ ಕುಂತಿದ್ದೆ, ಜನ ನಗ್ತಿದ್ರು." ಅವಳು ತಟ್ಟೆ ಸರಿಸಿದಳು. "ಇನ್ನೊಂದ್ಸಲ ಒಲೆ ಕಿತ್ಕಂಡು ಓಗಾಕೆ ನನ್ ಕೈಲಾಗಲ್ಲ. ನಿನ್ನಿಷ್ಟ."

ಭಾನುವಾರ ಗುಡಿಯ ಮುಂದೆ ಬೀದಿಯೆಲ್ಲ ಸೇರಿತ್ತು. ಗಂಡಸರು ಒಂದು ಕಡೆ, ಹೆಂಗಸರು ಬೇವಿನ ನೆರಳಲ್ಲಿ. ವೆಂಕಟೇಶಪ್ಪ ಎರಡೇ ಮಾತಾಡಿದ. "ನನ್ನ ನಂಬಬ್ಯಾಡಿ. ಓಟಿಗೆ ನಿಂತೋನ ಮಾತು ನಂಬ್ಲೇಬಾರ್ದು. ನಿಮ್ಮ ಕೋದಂಡಪ್ಪನ್ನ ನಂಬಿ" ಎಂದು ಅವನ ಕೈ ಹಿಡಿದು ಕಟ್ಟೆ ಹತ್ತಿಸಿದ. ಜನ ನಕ್ಕರು. "ಜೋರಾಗಿ ತಟ್ಟಣ್ಣ, ಆ ಕಡೆ ಪೇಟೆಯೋರ್ಗೂ ಕೇಳ್ಲಿ" ಎಂದ ಒಬ್ಬ.

ಕೋದಂಡಪ್ಪ ತಟ್ಟಿದ.

ಗಣ್ ಎಂದು ಎದ್ದ ಸದ್ದು ಪೈಪಿನೊಳಗೇ ಬೀದಿಯುದ್ದ ಓಡಿ ಏರಿಯ ತನಕ ಹೋದಂತಾಯಿತು. ಗುಡಿಯ ಗಂಟೆಗೂ ಅಂಥ ಕಂಠವಿರಲಿಲ್ಲ. ಬೇವಿನ ನೆರಳಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ತಲೆದೂಗಿದರು. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ಕುಟ್ಟಿ ನೋಡುವವರು ಅವರು. ಗಣ್ ಎಂದರೆ ಗಟ್ಟಿ, ಮಂಕಾಗಿ ಅಂದರೆ ಎಲ್ಲೋ ಬಿರುಕಿದೆ. "ಏನ್ ಸದ್ದು ನೋಡೇ" ಎಂದಳು ಅಮ್ಮಾಜಮ್ಮ. ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು.

ಇದು ಖಾಲಿ ಪೈಪಿನ ಸದ್ದು ಕಣ್ರಮ್ಮಾ ಎನ್ನಬೇಕಿತ್ತು. ಐದು ಮಾತು. ಕೋದಂಡಪ್ಪ ಹೆಂಗಸರ ಕಡೆ ನೋಡಿದ. ಆದಿಲಕ್ಷ್ಮಮ್ಮ ತಲೆ ತಗ್ಗಿಸಿ ಸೆರಗಿನ ತುದಿ ಸುತ್ತುತ್ತಿದ್ದಳು. ಅವಳ ಹಿಂದೆ ವಿಧವೆ ಮುನಿನಾರಾಯಣಮ್ಮ ನಿಂತಿದ್ದಳು, ಬೆರಣಿ ತಟ್ಟಿ ಮಾರುವವಳು. ಅವಳೊಬ್ಬಳು ಚಪ್ಪಾಳೆ ತಟ್ಟದೆ ಅವನನ್ನೇ ನೋಡುತ್ತಿದ್ದಳು.

"ಏನ್ ಕೋದಂಡಪ್ಪ, ಎಂಗೈತೆ?"

"ಪೈಪು ಚೆನ್ನಾಗೈತೆ" ಎಂದು ಕೋದಂಡಪ್ಪ ಕಟ್ಟೆ ಇಳಿದ.

ವೆಂಕಟೇಶಪ್ಪ ಗೆದ್ದ. ಗೆದ್ದ ಹತ್ತೇ ದಿನಕ್ಕೆ ಗಾರೆಯವರನ್ನು ಕಳಿಸಿ ಹಿಂದಿನ ಗೋಡೆ ಕಟ್ಟಿಸಿದ. ಕಲ್ಲಿನ ಗೋಡೆ, ಆಳಿಗಿಂತ ಎತ್ತರ. ಹೇಳಿದ್ದರಲ್ಲಿ ಅವನು ನಡೆಸಿಕೊಟ್ಟದ್ದು ಅದೊಂದು. ಕೋದಂಡಪ್ಪ ಹೊಲದ ಕಡೆ ಹೋಗುತ್ತಿದ್ದ ಸಂದು ಮುಚ್ಚಿಹೋಯಿತು. ಎಲ್ಲಿಗೆ ಹೋಗಬೇಕಾದರೂ ಇನ್ನು ಬೀದಿಯ ಬಾಗಿಲೇ ಗತಿ.

ಬೀದಿಗೆ ಕಾಲಿಟ್ಟರೆ ಮಾತು ಕಾದಿರುತ್ತಿತ್ತು. "ಯಾವಾಗಣ್ಣ ನೀರು?" "ಯುಗಾದಿಗೆ ಬತ್ತದಾ ಅಣ್ಣ?" "ನಲ್ಲಿ ಒಳಗೆ ಜೇಡ ಬಲೆ ಕಟ್ಟೈತೆ, ನೋಡ್ಬಾರಪ್ಪ ಒಂದ್ಸಲ." ಮಂಡಿಗೆ ಹೋಗಿ ಮೆಂಬರನ್ನು ಕೇಳುವ ಯೋಚನೆ ಯಾರಿಗೂ ಬರಲಿಲ್ಲ. ಪೈಪು ತಂದವನು ಅವನಿರಬಹುದು, ಚೆನ್ನಾಗಿದೆ ಎಂದವನು ಕೋದಂಡಪ್ಪ. ಅವರ ಮಾತಿನಲ್ಲಿ ಕೊಂಕಿರಲಿಲ್ಲ, ಅದೇ ಅವನಿಗೆ ತಡೆಯದಾದದ್ದು. ಮೊದಲು ಜಗಲಿಯಲ್ಲಿ ಕೂರುವುದನ್ನು ಬಿಟ್ಟ. ಆಮೇಲೆ ಬಾಗಿಲನ್ನೂ ಓರೆ ಮಾಡಿಕೊಂಡು ಒಳಗೇ, ಆ ಹೊಸ ಗೋಡೆಗೆ ಮುಖ ಮಾಡಿ ಕೂರತೊಡಗಿದ. "ಗಣೀಲೂ ಇಷ್ಟು ಕತ್ಲೆ ಇರ್ಲಿಲ್ವೇನೋ" ಎಂದಳು ಆದಿಲಕ್ಷ್ಮಮ್ಮ ಒಂದು ದಿನ.

ಯುಗಾದಿ ಕಳೆದ ವಾರಕ್ಕೆ ಅವಳ ಸೊಂಟ ಹಿಡಿದುಕೊಂಡಿತು. ಬೆಳಗ್ಗೆ ಚಾಪೆಯಿಂದ ಏಳಲಾಗಲಿಲ್ಲ. ಮನೆಯಲ್ಲಿ ಒಂದು ಚೊಂಬು ನೀರಿತ್ತು. ಕೋದಂಡಪ್ಪ ಬಿಂದಿಗೆ ತೆಗೆದುಕೊಂಡು ಬಾಗಿಲು ತೆರೆದ. ಇವತ್ತು ಹೇಳಿಯೇಬಿಡುತ್ತೇನೆ ಎಂದುಕೊಂಡ.

ಬಾವಿಯ ಹತ್ತಿರ ಗಂಡಸರು ಸುಳಿಯುವುದಿಲ್ಲ. ಸಾಲಿನಲ್ಲಿದ್ದ ಹೆಂಗಸರು ಅವನನ್ನು ಕಂಡು ಮಾತು ನಿಲ್ಲಿಸಿದರು. ಅವನು ಮುನಿನಾರಾಯಣಮ್ಮನ ಹಿಂದೆ ಬಿಂದಿಗೆ ಇಟ್ಟ.

"ಅಕ್ಕನಿಗೇನಾಯ್ತಣ್ಣ?" ಎಂದು ಮುಂದಿನಿಂದ ಅಮ್ಮಾಜಮ್ಮ ಕೇಳಿದಳು.

"ಸೊಂಟ ಹಿಡ್ಕಂಡೈತೆ."

"ಅಯ್ಯೋ. ನಲ್ಲೀಲಿ ನೀರು ಬರೋ ಗಂಟ ತಾನೆ, ಸೇದು ಸೇದು. ಸ್ಪ್ಯಾನರು ಇಡ್ದ ಕೈಗೆ ಅಗ್ಗ ಏನ್ ಮಾಡೀತು" ಎಂದಳು. ಹೆಂಗಸರು ನಕ್ಕರು.

"ಆ ನಲ್ಲಿ ವಿಚಾರ..." ಎಂದು ಕೋದಂಡಪ್ಪ ಗಂಟಲು ಸರಿಮಾಡಿಕೊಂಡ.

ಮುನಿನಾರಾಯಣಮ್ಮ ತಿರುಗಿ, ತನ್ನ ಕೊಡವನ್ನು ಎತ್ತಿ ಅವನ ಬಿಂದಿಗೆಯ ಹಿಂದಕ್ಕೆ ಇಟ್ಟಳು. ತಾನೂ ಅವನ ಹಿಂದಕ್ಕೆ ಬಂದು, ಅವನಿಗೆ ಮಾತ್ರ ಕೇಳುವ ಹಾಗೆ ಹೇಳಿದಳು: "ಸುಮ್ಕಿರಣ್ಣ. ಆ ಬಿರಡೆ ನಾನೂ ನೋಡಿದೀನಿ. ಅವತ್ತು ನೀನು ಅದರ ಮುಂದೆ ಕುಂತಿದ್ದಾಗ ಸಗಣಿ ಎತ್ತಾಕೆ ಬಂದಿದ್ದೆ."

ಕೋದಂಡಪ್ಪ ತಿರುಗಿ ಅವಳನ್ನು ನೋಡಿದ. "ಯಾರ್ಗೂ ಯೇಳ್ಲಿಲ್ವಾ?"

"ನೀನು ಯೇಳ್ತೀಯ ಅಂತ ಸಭೆಗೆ ಬಂದಿದ್ದೆ. ಯೇಳ್ಲಿಲ್ಲ. ಮನೆ ಅವನ್ದು, ಅಕ್ಕ ಎಲ್ಲಿಗೋಗ್ತಾಳೆ ಅಂತ ನಾನೂ ಬಾಯಿ ಮುಚ್ಕಂಡೆ."

"ಈಗ ಯೇಳ್ತೀನಿ."

"ಈಗ ಯೇಳಿ ಏನ್ ಬತ್ತದೆ? ನಿನ್ನ ಮನೆ ಓಗ್ತದೆ, ಇವ್ರಿಗೆ ನೀರು ಬರಲ್ಲ. ನಲ್ಲಿ ಬತ್ತದೆ ಅಂದ್ಕಂಡು ಈ ಬಿಸಿಲು ಕಳೀತಾವ್ರೆ. ಕಳೀಲಿ ಬುಡು." ಅವಳು ಅವನ ಬಿಂದಿಗೆಯನ್ನು ಕಾಲಿನಿಂದ ಮುಂದಕ್ಕೆ ನೂಕಿದಳು. "ಸರದಿ ಬಂತು."

ಅಮ್ಮಾಜಮ್ಮ ಹಗ್ಗ ಅವನ ಕೈಗೆ ಕೊಟ್ಟಳು. ಕೋದಂಡಪ್ಪ ಹಗ್ಗಕ್ಕೆ ಕಟ್ಟಿದ್ದ ಕೊಡ ಇಳಿಬಿಟ್ಟ. ರಾಟೆ ಕಿರುಗುಟ್ಟುತ್ತ ತಿರುಗಿತು. ಹಗ್ಗ ಮುಗಿಯುವ ತನಕ, ಅಭ್ಯಾಸಬಲ, ಅವನು ಕಿವಿಗೊಟ್ಟು ನಿಂತಿದ್ದ. ಕೆಳಗೆ ಕೊಡ ಕಲ್ಲಿಗೆ ತಗುಲಿ, ಹೊರಳಿ, ಅರ್ಧ ತುಂಬಿತು. ಸೇದಿ ಬಿಂದಿಗೆಗೆ ಸುರಿದ. ಇನ್ನೊಂದು ಸಲ ಇಳಿಬಿಟ್ಟ.

"ನಾಳೆ ಇನ್ನೊಂದು ಗಳಿಗೆ ಮುಂಚೆ ಬಾರಣ್ಣ" ಎಂದಳು ಅಮ್ಮಾಜಮ್ಮ ತನ್ನ ಕೊಡ ಸೊಂಟಕ್ಕೇರಿಸುತ್ತ. "ಬಿಸಿಲು ಏರ್ದಂಗೆಲ್ಲ ಸಾಲು ಉದ್ದ ಆಯ್ತದೆ."

"ಬತ್ತೀನಿ" ಎಂದ ಕೋದಂಡಪ್ಪ.